ಕಾಣೆಯಾದ ಮೊದಲ ಕ್ರೇಟು

ನನ್ನ ಮೊಣಕಾಲು ನೋವು ಶುರುವಾದ ವರ್ಷವೇ ನಮ್ಮ ಕಂಪನಿಗೆ ಎಐ ಸಹಾಯಕ ಬಂತು. ಎರಡನ್ನೂ ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ, ಮುಂದೆ ತಿಳಿಯುತ್ತದೆ.

ಹೋದ ವರ್ಷ ನಿವೃತ್ತಳಾದೆ. ದೊಡ್ಡಬಳ್ಳಾಪುರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಹತ್ತಿರ ಹತ್ತಿರ ಮೂವತ್ತು ವರ್ಷ ದುಡಿದೆ. ಪೇಪರಿನಲ್ಲಿ ಹೆಸರು ಬರುವಂಥ ಕೆಲಸವೇನಲ್ಲ. ಲಾರಿ ತೂಗುವ ವೇಬ್ರಿಡ್ಜು, ಗೋದಾಮು, ಕೋಳಿ ಆಹಾರದ ಮಿಲ್ಲು, ತರಕಾರಿ ಶೆಡ್ಡು, ಇಂಥ ಕಡೆಗಳಿಗೆ ತೂಕವನ್ನೂ ಎಣಿಕೆಯನ್ನೂ ಬರೆದುಕೊಳ್ಳುವ ತಂತ್ರಾಂಶ ಮಾಡಿಕೊಡುತ್ತಿದ್ದೆವು. ಅದು ಕೆಟ್ಟಾಗ ಯಾಕೆ ಕೆಟ್ಟಿತು ಎಂದು ಹುಡುಕುವುದು ನನ್ನ ಪಾಲಿನ ಕೆಲಸ. ಈಗ ಆ ಕುರ್ಚಿಯಲ್ಲಿ ಚೈತ್ರ ಎಂಬ ಹುಡುಗಿ ಕೂತಿದ್ದಾಳೆ. ಮೊನ್ನೆ ಫೋನ್ ಮಾಡಿದ್ದಳು.

“ಮೇಡಂ, ತರಕಾರಿ ಶೆಡ್ಡಿನ ಕೋಡ್‌ನಲ್ಲಿ ಒಂದು ಸಾಲಿದೆ. ಏನಕ್ಕೆ ಅಂತ ಗೊತ್ತಾಗ್ತಿಲ್ಲ. ಒಂದ್ಸಲನೂ ಓಡೇ ಇಲ್ಲ ಅದು. ತೆಗೆದ್ಬಿಡ್ಲಾ?”

ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಬರೆದು ಕಳಿಸುತ್ತೇನೆ ಎಂದೆ. ಆ ಒಂದು ಸಾಲಿನ ಸಲುವಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಸೇರಿದಾಗ ನಮ್ಮ ಮೇಲಧಿಕಾರಿ ವೆಂಕಟರಮಣಯ್ಯನವರು. ಕೋಡ್ ಬರೆಯುವುದರಲ್ಲಿ ಅಷ್ಟಕ್ಕಷ್ಟೆ. ಬಿಳಿ ಅಂಗಿಯ ಜೇಬಿನಲ್ಲಿ ಸದಾ ಒಂದು ಸ್ಕ್ರೂ ಡ್ರೈವರ್ ಇರುತ್ತಿತ್ತು. ಯಾವ ದೂರು ತೆಗೆದುಕೊಂಡು ಹೋದರೂ ಅವರದು ಒಂದೇ ಪ್ರಶ್ನೆ. “ಹೋಗಿ ನೋಡಿದ್ಯೇನಮ್ಮ?” ಆ ಪ್ರಶ್ನೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಂಪ್ಯೂಟರ್ ಓದಿ ಬಂದವಳು ನಾನು, ಬಸ್ಸಿನಲ್ಲಿ ನೇತಾಡಿಕೊಂಡು ಊರೂರು ಸುತ್ತುವುದಕ್ಕೆ ಬಂದವಳೇ?

ಅರಿಶಿನಕುಂಟೆ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಒಂದು ವೇಬ್ರಿಡ್ಜು. ಚಳಿಗಾಲದಲ್ಲಿ ಬೆಳಗಿನ ಮೊದಲ ಒಂದೆರಡು ಲಾರಿಗಳ ತೂಕ ಮಾತ್ರ ನಲವತ್ತು ಕೆ.ಜಿ.ಯಷ್ಟು ಕಡಿಮೆ ಬರುತ್ತಿತ್ತು. ನಾಲ್ಕು ದಿನ ಕೋಡ್ ಜಾಲಾಡಿದೆ. ಸೊನ್ನೆ ಅಲುಗಾಡುತ್ತಿದೆ ಎಂದು ತೀರ್ಮಾನಿಸಿ, ಲಾರಿ ಹತ್ತುವ ಮುಂಚೆ ತೂಕದ ಹಲಗೆಯ ಮೇಲೆ ಏನಿದೆಯೋ ಅದನ್ನೇ ಸೊನ್ನೆಯೆಂದು ತಿಳಿಯುವ ನಿಯಮವನ್ನು ಇನ್ನಷ್ಟು ಬಿಗಿ ಮಾಡಿದೆ. ತಪ್ಪು ಮೊದಲ ಐದಾರು ಲಾರಿಗಳಿಗೂ ಹಬ್ಬಿತು. ಕೊನೆಗೆ ಬೈದುಕೊಂಡೇ ಹೋದೆ. ರಾತ್ರಿಯ ಚಳಿಗೆ ನಡುಗಿದ್ದ ಎರಡು ಬೀದಿ ನಾಯಿಗಳು ಬಿಸಿಲು ಬಿದ್ದ ಕಬ್ಬಿಣದ ಹಲಗೆಯ ಮೇಲೆ ಸುರುಳಿ ಸುತ್ತಿಕೊಂಡು ಮಲಗಿದ್ದವು. ನನ್ನ ಕೋಡ್ ಅವುಗಳ ತೂಕವನ್ನು ಸೊನ್ನೆ ಎಂದು ಬರೆದುಕೊಳ್ಳುತ್ತಿತ್ತು. ಲಾರಿ ಬಂದೊಡನೆ ಅವು ಎದ್ದು ಹೋಗುತ್ತಿದ್ದವು.

ವಾಪಸು ಬಂದು ಹೇಳಿದರೆ ವೆಂಕಟರಮಣಯ್ಯನವರು ನಗಲೂ ಇಲ್ಲ. “ನಾಯಿಗೆ ಎರಡು ಗೋಣಿಚೀಲ ಹಾಕಿಕೊಡೋಕೆ ಹೇಳಮ್ಮ ಆ ಕಡೆ ಮೂಲೇಲಿ. ಕೋಡ್ ಮೊದಲಿನ ಥರಾನೇ ಇರ್ಲಿ,” ಎಂದರು. ಹಾಗೇ ಮಾಡಿದೆವು, ಸರಿಹೋಯಿತು.

ಅವರು ನಿವೃತ್ತರಾದ ಮೇಲೆ ಕೆಲಸದ ರೀತಿ ಬದಲಾಯಿತು. ಕೂತಲ್ಲಿಂದಲೇ ದೂರದ ಕಂಪ್ಯೂಟರಿನೊಳಗೆ ಹೋಗಿ ನೋಡುವುದು ಬಂತು. ಆಮೇಲೆ ಶೆಡ್ಡಿನವರೇ ಪರದೆಯ ಫೋಟೊ ತೆಗೆದು ಕಳಿಸತೊಡಗಿದರು, ಅರ್ಧ ಫೋಟೊದಲ್ಲಿ ಅವರ ಹೆಬ್ಬೆರಳೇ ಇರುತ್ತಿತ್ತು. ವರ್ಷದಲ್ಲಿ ನೂರು ಸಲ ಬಸ್ಸು ಹತ್ತುತ್ತಿದ್ದವಳು ಹತ್ತು ಸಲಕ್ಕೆ ಬಂದೆ. ಕೊನೆಗೆ ಎಐ ಸಹಾಯಕ ಬಂತು. ಕೋಡನ್ನೂ ಲಾಗನ್ನೂ ಮುಂದಿಟ್ಟರೆ ಓದಿ, ಎಲ್ಲಿ ತಪ್ಪಿರಬಹುದು ಎಂದು ಹೇಳುತ್ತದೆ. ಲಾಗ್ ಎಂದರೆ ಯಂತ್ರ ತಾನು ಏನೇನು ಮಾಡಿದೆ ಎಂದು ತಾನೇ ಬರೆದಿಟ್ಟುಕೊಳ್ಳುವ ಪಟ್ಟಿ. ಆಫೀಸಿನ ಹುಡುಗರು ಸಹಾಯಕನಿಗೆ ‘ಗುರು’ ಎಂದು ಹೆಸರಿಟ್ಟರು. “ಗುರುನ ಕೇಳಿದ್ರಾ?” ಎನ್ನುವುದೇ ಮಾತಾಯಿತು. ಹೊಸ ಮ್ಯಾನೇಜರ್ ಕಿಶೋರ್ ಬಾಯಲ್ಲೂ ಅದೇ.

ಗುರುವಿನ ಮೊದಲ ಕೆಲಸ ನೋಡಿದಾಗ ನಾನು ದಂಗಾದೆ. ಹೊಸಕೋಟೆಯ ಮಿಲ್ಲೊಂದರಲ್ಲಿ ರಸೀದಿ ಅಚ್ಚು ಹಾಕುವುದು ಒಮ್ಮೊಮ್ಮೆ ನಿಂತುಹೋಗುತ್ತಿತ್ತು. ಎರಡು ದಿನ ತಲೆ ಕೆರೆದುಕೊಂಡರೂ ಸಿಕ್ಕಿರಲಿಲ್ಲ. ಅದು ನಾಲ್ಕೇ ನಿಮಿಷದಲ್ಲಿ ಹೇಳಿತು. ಮುನಿಲಕ್ಷ್ಮಮ್ಮ ಎನ್ನುವಂಥ ಉದ್ದನೆಯ ಹೆಸರು ಬಂದಾಗ ನಮ್ಮ ಕೋಡ್ ಜಾಗ ಸಾಲದೆ ಹೆಸರನ್ನು ಕತ್ತರಿಸುತ್ತಿತ್ತು. ಕತ್ತರಿ ‘ಕ್ಷ್ಮ’ದ ನಡುವೆ ಬಿದ್ದರೆ ಅರ್ಧ ಅಕ್ಷರ ಏನೆಂದು ತಿಳಿಯದೆ ಪ್ರಿಂಟರ್ ಮುಷ್ಕರ ಹೂಡುತ್ತಿತ್ತು. ಸರಿಮಾಡಿ ಮನೆಗೆ ಹೋದೆ. ಖುಷಿಯಾಗಿತ್ತು. ಹೊಟ್ಟೆಕಿಚ್ಚೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ, ಇನ್ನು ಮೇಲೆ ಬಸ್ಸು ಹತ್ತಬೇಕಾಗಿಲ್ಲ ಎಂಬ ನೆಮ್ಮದಿ. ಮೆಟ್ಟಿಲು ಹತ್ತಿದರೆ ಮೊಣಕಾಲು ಕಟಕಟ ಎನ್ನುತ್ತಿದ್ದ ದಿನಗಳು ಅವು.

ಇನ್ನು ಆ ಸಾಲಿನ ವಿಷಯ.

ಬೂದಿಗೆರೆ ಕಡೆ ಒಂದು ತರಕಾರಿ ಶೆಡ್ಡಿದೆ. ಸುತ್ತಲ ಹಳ್ಳಿಯ ರೈತರು ಟೊಮೆಟೊ, ಬೀನ್ಸು, ದಪ್ಪ ಮೆಣಸಿನಕಾಯಿಗಳನ್ನು ಪ್ಲಾಸ್ಟಿಕ್ ಕ್ರೇಟುಗಳಲ್ಲಿ ತಂದು ಇಳಿಸುತ್ತಾರೆ. ಒಂದೊಂದು ಕ್ರೇಟೂ ತಕ್ಕಡಿಯ ಮೇಲೆ ಕೂತು ಒಳಗೆ ಹೋಗುತ್ತದೆ. ಒಳಗೆ ಎಲ್ಲರ ತರಕಾರಿಯೂ ಒಂದೇ ಓಡುವ ಬೆಲ್ಟಿನ ಮೇಲೆ ಸುರಿದು ಬೆರೆತುಹೋಗುವುದರಿಂದ ಆಮೇಲೆ ಯಾರದು ಎಷ್ಟು ಎಂದು ಹೇಳಲು ಬರುವುದಿಲ್ಲ. ಬಾಗಿಲಲ್ಲಿ ಎಣಿಸಿದ್ದೇ ಎಣಿಕೆ. ಮೊದಲು ಎಣಿಸುವವರು ಕಾಗದದ ಮೇಲೆ ಗೀಟು ಹಾಕುತ್ತಿದ್ದರು. ಮಾಲೀಕರಿಗೆ ಹೊಸದೇನಾದರೂ ಬೇಕೆನಿಸಿತು. ಬಾಯಲ್ಲಿ ಎಣಿಸಿದರೆ ಯಂತ್ರವೇ ಬರೆದುಕೊಳ್ಳಬೇಕು ಎಂದರು. ಮಾಡಿಕೊಟ್ಟೆವು. ಎಣಿಸುವವರ ತಲೆಗೆ ಒಂದು ಮೈಕು. ಅವರ ಬಾಯಿಂದ ಸಂಖ್ಯೆ ಬಂದ ಕೂಡಲೇ ತಕ್ಕಡಿಯ ಮೇಲಿರುವ ಕ್ರೇಟು ತೂಕದ ಸಮೇತ ದಾಖಲಾಗುತ್ತದೆ.

ಆ ಕೋಡ್ ಬರೆದವಳು ನಾನೇ. ಅದರಲ್ಲಿ ನನ್ನ ಎರಡು ಜಾಣತನಗಳಿದ್ದವು. ಶೆಡ್ಡಿನಲ್ಲಿ ಸದಾ ಗಲಾಟೆ. “ಲೇ, ಮೆಲ್ಲಗೆ ಇಳ್ಸೋ”, “ದಾರಿ ಬಿಡಪ್ಪ”, ಕೆಮ್ಮು, ಆಕಳಿಕೆ ಎಲ್ಲ ಮೈಕಿಗೆ ಬೀಳುತ್ತಿತ್ತು. ಸಂಖ್ಯೆಯಲ್ಲದ ಮಾತನ್ನು ಎಲ್ಲೂ ಉಳಿಸದೆ ಎಸೆದುಬಿಡು ಎಂದು ಬರೆದೆ. ಇನ್ನು, ಎಣಿಸುವವರು ಒಮ್ಮೊಮ್ಮೆ ಬಾಯಿತಪ್ಪಿ ಹದಿನೆಂಟಾದ ಮೇಲೆ ಇಪ್ಪತ್ತು ಎಂದುಬಿಡುತ್ತಾರೆ. ಅದಕ್ಕೆ ಯಾವ ಸಂಖ್ಯೆ ಹೇಳಿದರು ಎಂಬುದನ್ನೇ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಾವುದೋ ಒಂದು ಸಂಖ್ಯೆ ಬಂತಲ್ಲ, ಸಾಕು. ಕ್ರಮಸಂಖ್ಯೆಯನ್ನು ಯಂತ್ರವೇ ಒಂದರಿಂದ ಹಾಕಿಕೊಳ್ಳಲಿ ಎಂದು ಬಿಟ್ಟೆ. ಪಟ್ಟಿ ಯಾವಾಗಲೂ ಒಂದರಿಂದ ಶುರುವಾಗಿ ಅಚ್ಚುಕಟ್ಟಾಗಿ ಮುಗಿಯುತ್ತಿತ್ತು. ಅದನ್ನು ನೋಡಿ ನನಗೇ ಹೆಮ್ಮೆಯಾಗುತ್ತಿತ್ತು.

ಮೂರು ತಿಂಗಳಾದ ಮೇಲೆ ಶೆಡ್ಡಿನ ಸೂಪರ್‌ವೈಸರ್ ಲೋಕೇಶ್ ಫೋನ್ ಮಾಡಿದರು. ಹೊಲದಲ್ಲಿ ರೈತ ನಲವತ್ತು ಎಣಿಸಿ ಹೇರಿದ ಗಾಡಿ ಇಲ್ಲಿ ಮೂವತ್ತೊಂಬತ್ತು ತೋರಿಸುತ್ತದೆ. ಅರವತ್ತೆರಡು ಹೇರಿದರೆ ಅರವತ್ತೊಂದು. ಎಷ್ಟು ದೊಡ್ಡ ಗಾಡಿಯಾದರೂ ಕಡಿಮೆಯಾಗುವುದು ಒಂದೇ ಒಂದು ಕ್ರೇಟು. ಎಲ್ಲ ಗಾಡಿಗಳಿಗೂ ಹೀಗಿಲ್ಲ, ಕೆಲವಕ್ಕೆ ಮಾತ್ರ.

“ಮೇಡಂ, ಗುರುನ ಕೇಳಿ ಇವತ್ತೇ ಕ್ಲೋಸ್ ಮಾಡ್ಬಿಡಿ. ಕ್ಲೈಂಟ್ ಬೆಳಗ್ಗಿಂದ ತಲೆ ತಿಂತಾ ಇದ್ದಾರೆ,” ಎಂದರು ಕಿಶೋರ್.

ಕೋಡನ್ನೂ ಮೂರು ತಿಂಗಳ ಲಾಗನ್ನೂ ಕೊಟ್ಟೆ. ಉತ್ತರದ ಮೇಲ್ಭಾಗದಲ್ಲಿ ಅಂದವಾದ ಒಂದು ಕೋಷ್ಟಕ ಬಂತು. ಕಡಿಮೆ ಬಂದ ಗಾಡಿಗಳನ್ನೆಲ್ಲ ಎಣಿಸಿದವರು ಒಬ್ಬರೇ, ಮುನಿಶಾಮಪ್ಪ. ಇನ್ನೊಬ್ಬ ಎಣಿಕೆಯವನು ರಮೇಶ. ಅವನು ಎಣಿಸಿದ ಗಾಡಿಗಳಲ್ಲಿ ಒಂದೂ ತಪ್ಪಿಲ್ಲ. ಕೋಷ್ಟಕದ ಕೆಳಗೆ ಇನ್ನೂ ಐದು ಸಾಲು ಬರೆದಿತ್ತು. ಅವುಗಳ ಮೇಲೆ ಕಣ್ಣು ಹಾಯಿಸಿದೆ, ಓದಲಿಲ್ಲ. ಕೋಷ್ಟಕವನ್ನು ಎತ್ತಿ ವರದಿಗೆ ಅಂಟಿಸಿ, ‘ತಂತ್ರಾಂಶದಲ್ಲಿ ದೋಷ ಕಂಡುಬಂದಿಲ್ಲ’ ಎಂದು ಕೆಳಗೆ ಬರೆದು ಸಹಿ ಹಾಕಿದೆ.

ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ದುರುದ್ದೇಶವಿರಲಿಲ್ಲ. ದಣಿದಿದ್ದೆ, ಅಷ್ಟೆ. ಬೂದಿಗೆರೆಗೆ ಹೋಗಬೇಕೆಂದರೆ ಎರಡು ಬಸ್ಸು ಬದಲಾಯಿಸಬೇಕು, ಬಿಸಿಲು, ಕಾಲು ನೋವು. ವೆಂಕಟರಮಣಯ್ಯನವರ ಪ್ರಶ್ನೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಗಿತ್ತು. ಕೋಷ್ಟಕವೇ ಇರುವಾಗ ಹೋಗಿ ನೋಡುವುದೇನು ಎಂದು ಸುಮ್ಮನಾದೆ.

ಲೋಕೇಶ್ ಪೊಲೀಸು ಗಿಲೀಸು ಎನ್ನಲಿಲ್ಲ. ಮುನಿಶಾಮಪ್ಪನವರನ್ನು ಎಣಿಕೆಯಿಂದ ತೆಗೆದು ಶೆಡ್ಡಿನ ಹಿಂದೆ ಖಾಲಿ ಕ್ರೇಟು ತೊಳೆಯಲು ಹಾಕಿದರು. ಕಳ್ಳ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲವಂತೆ. ಆದರೆ ತರಕಾರಿ ತರುವವರೆಲ್ಲ ಅವರ ಸುತ್ತಮುತ್ತಲ ಊರಿನವರೇ, ಕೆಲವರು ನೆಂಟರು ಕೂಡ. ಅವರ ಎಣಿಕೆಯ ಮೇಲೆ ಈ ಜನಕ್ಕೆ ನಂಬಿಕೆಯಿದ್ದುದಕ್ಕೇ ಮಾಲೀಕರು ಅವರನ್ನು ಬಾಗಿಲಲ್ಲಿ ನಿಲ್ಲಿಸಿದ್ದು. ಈಗ ಅದೇ ಜನ ಬೇಕೆಂದೇ ಕೇಳಿಸುವ ಹಾಗೆ, “ಏನ್ ಮುನಿಶಾಮಣ್ಣ, ದಿನಾ ಒಂದೊಂದ್ ಕ್ರೇಟು ಯಾರ್ ಮನೆಗ್ ಹೋಗ್ತಿತ್ತು?” ಎನ್ನುತ್ತಿದ್ದರಂತೆ. ರಮೇಶನೊಬ್ಬನೇ ಎಣಿಸತೊಡಗಿದ ಮೇಲೆ ಲೆಕ್ಕ ಸರಿಬಂತು. “ನೋಡಿದ್ರಾ ಮೇಡಂ?” ಎಂದರು ಕಿಶೋರ್. ನೋಡಿದೆ. ನನಗೂ ಸಮಾಧಾನವಾಯಿತು.

ಮೂರು ವಾರ ಕಳೆದ ಮೇಲೆ ಆ ಶೆಡ್ಡಿನ ತಕ್ಕಡಿಯ ವೈರನ್ನು ಇಲಿ ಕಡಿಯಿತು. ಕೂತಲ್ಲಿಂದ ಇಲಿ ಕಡಿತ ಸರಿಮಾಡಲು ಗುರುವಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಗೊಣಗಿಕೊಂಡು ಹೋದೆ. ವೈರು ಬದಲಾಯಿಸಿ ಮುಗಿದಾಗ ಮಧ್ಯಾಹ್ನ. ಕೈ ತೊಳೆಯಲು ಶೆಡ್ಡಿನ ಹಿಂದಿನ ನಲ್ಲಿಯ ಹತ್ತಿರ ಹೋದೆ. ಮಾಸಿದ ಪಂಚೆ ಎತ್ತಿ ಕಟ್ಟಿದ, ಐವತ್ತು ದಾಟಿದ ಒಬ್ಬರು ತೊಳೆದ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಪೇರಿಸುತ್ತಾ ತಮ್ಮ ಪಾಡಿಗೆ ಎಣಿಸಿಕೊಳ್ಳುತ್ತಿದ್ದರು.

“ಲಾಭ... ಎರಡು... ಮೂರು... ನಾಕು...”

ನನ್ನ ಕೈ ನಲ್ಲಿಯ ಕೆಳಗೇ ನಿಂತಿತು. ನಮ್ಮಜ್ಜಿ ಕಣದಲ್ಲಿ ರಾಗಿ ಅಳೆಯುತ್ತಿದ್ದುದು ಹೀಗೇ. ಮೊದಲ ಬಳ್ಳ ಸುರಿಯುವಾಗ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದಳು. ಆಮೇಲೆ ಎರಡು, ಮೂರು. ಚೀಲದ ಬಾಯಿ ಹಿಡಿದುಕೊಂಡು ನಿಲ್ಲುತ್ತಿದ್ದವಳು ನಾನು. ವರ್ಷ ವರ್ಷವೂ ಕೇಳಿದ್ದೆ.

“ನೀವು ಮುನಿಶಾಮಪ್ಪನೋರಾ?” ಎಂದೆ.

“ಹೂಂ ತಾಯಿ.” ತಲೆ ಎತ್ತಲಿಲ್ಲ.

“ಗಾಡಿ ಎಣಿಸೋವಾಗ್ಲೂ ಹಿಂಗೇ ಅಂತಿದ್ರಾ? ಮೊದಲ್ನೇದಕ್ಕೆ ಲಾಭ ಅಂತ?”

“ಮತ್ತಿನ್ನೇನ್ ಅನ್ಬೇಕು? ರೈತ ಬೆಳ್ಕೊಂಡ್ ತಂದವ್ನೆ. ಮೊದಲ್ನೇದಕ್ಕೇ ಒಂದು ಅಂದ್ಬಿಟ್ರೆ ಒಂದಕ್ಕೇ ನಿಂತೋಯ್ತದೆ ಅಂತಿದ್ದ ನಮ್ಮಪ್ಪ. ಲಾಭ ಅಂದ್ರೆ ಬೆಳೀತದೆ.” ಆಮೇಲೆ ನನ್ನ ಮುಖ ನೋಡಿದರು. “ನೀವ್ ಯಾವೂರೋರು?”

“ನಲ್ಲೂರು.”

“ಹುಣಸೆ ತೋಪಿನ್ ನಲ್ಲೂರಾ? ಹಂಗಾದ್ರೆ ನಿಮ್ಗೆ ಗೊತ್ತಿರ್ಬೇಕಲ್ಲ ತಾಯಿ.”

ಅವರನ್ನು ಕರೆದುಕೊಂಡು ಹೋಗಿ ಮೈಕು ಹಾಕಿಸಿದೆ. ಐದು ಕ್ರೇಟು ತಕ್ಕಡಿಯ ಮೇಲೆ ಒಂದೊಂದಾಗಿ ಇಟ್ಟು, “ಮೊದಲಿನ ಥರಾನೇ ಎಣಿಸಿ” ಎಂದೆ. ಎಣಿಸಿದರು. ಪರದೆಯ ಮೇಲೆ ನಾಲ್ಕು ಸಾಲು ಬಂದವು. ಒಂದರಿಂದ ನಾಲ್ಕು, ಅಚ್ಚುಕಟ್ಟಾಗಿ.

ಅವರು ಪರದೆಯ ಮೇಲಿನ ಸಾಲುಗಳನ್ನು ಬೆರಳಿಟ್ಟು ಎಣಿಸಿದರು. “ಅಂದ್ರೆ ನಾನ್ ಲಾಭ ಅಂದಿದ್ದು ಇದಕ್ಕೆ ಕೇಳಿಸ್ಲಿಲ್ಲ.”

“ಕೇಳಿಸ್ತು ಮುನಿಶಾಮಣ್ಣ. ಎಸೆದ್ಬಿಡು ಅಂತ ನಾನೇ ಅದಕ್ಕೆ ಹೇಳಿದ್ದೆ. ಆ ರಿಪೋರ್ಟ್‌ಗೆ ಸಹಿ ಹಾಕಿದ್ದೂ ನಾನೇ.”

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮೈಕು ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟು, “ಇದನ್ನ ಲೋಕೇಶಪ್ಪಂಗೆ ಹೇಳಿದ್ರೆ ಸಾಲ್ದು ತಾಯಿ. ಬೆಳಗ್ಗೆ ಗಾಡಿ ಬರೋ ಹೊತ್ಗೆ ಬನ್ನಿ. ಅವ್ರೆಲ್ಲಾ ಇರೋವಾಗ ಹೇಳಿ,” ಎಂದರು.

ಮಾರನೆಯ ದಿನ ಮತ್ತೆ ಎರಡು ಬಸ್ಸು ಹಿಡಿದು ಹೋದೆ. ಸಾಲಾಗಿ ನಿಂತ ಗಾಡಿಗಳ ಮುಂದೆ, ಟೊಮೆಟೊ ವಾಸನೆಯ ನಡುವೆ ನಿಂತು, ತಪ್ಪು ನನ್ನದು, ಕ್ರೇಟು ಎಲ್ಲೂ ಹೋಗಿಲ್ಲ, ಒಳಗೇ ಬಂದಿದೆ, ಬರೆದುಕೊಂಡಿಲ್ಲ ಅಷ್ಟೆ ಎಂದು ಹೇಳಿದೆ. ಎಲ್ಲ ಕೇಳಿ ವಯಸ್ಸಾದ ರೈತರೊಬ್ಬರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ಅಯ್ಯೋ, ಲಾಭ ಅಂತಿದ್ದಿದ್ದು ನಮ್ಗೆಲ್ಲಾ ದಿನಾ ಕೇಳಿಸ್ತಿತ್ತಲ್ಲಮ್ಮ. ನಮ್ಮನ್ನ ಒಂದ್ ಮಾತ್ ಕೇಳಿದ್ರೆ ಹೇಳ್ತಿದ್ವಿ.”

ಯಾರ ಮನೆಗೆ ಹೋಗುತ್ತಿತ್ತು ಎಂದು ಚುಚ್ಚುತ್ತಿದ್ದವರಲ್ಲಿ ಒಬ್ಬ ಗಾಡಿಯ ಹಗ್ಗ ಬಿಚ್ಚುವುದರಲ್ಲಿ ತುಂಬ ಕೆಲಸವಿರುವವನಂತೆ ಬಗ್ಗಿದ. ಲೋಕೇಶ್ ಅವತ್ತೇ ಮುನಿಶಾಮಪ್ಪನವರನ್ನು ಬಾಗಿಲಿಗೆ ಕರೆದರು. ಕಿಶೋರ್ ಮಾತ್ರ ಮುಖ ಗಂಟಿಕ್ಕಿದರು. “ರಿಪೋರ್ಟ್ ವಾಪಸ್ ತಗೊಂಡ್ರೆ ಕ್ಲೈಂಟ್ ಏನಂತಾರೆ ಮೇಡಂ?” ಎಂದರು. ಏನಾದರೂ ಅನ್ನಲಿ ಎಂದು ಹಳೆಯ ವರದಿಯನ್ನು ಹಿಂದಕ್ಕೆ ಪಡೆದು, ದೋಷ ನನ್ನ ಕೋಡ್‌ನದು ಎಂದು ಬರೆದು ಸಹಿ ಹಾಕಿದೆ.

ಅವತ್ತು ಸಂಜೆ ಆಫೀಸಿನಲ್ಲಿ ಕೂತು ಗುರುವಿನ ಹಳೆಯ ಉತ್ತರವನ್ನು ತೆಗೆದು ನೋಡಿದೆ. ಕೋಷ್ಟಕದ ಕೆಳಗಿದ್ದ ಆ ಐದು ಸಾಲು ಹೀಗಿದ್ದವು. ‘ಕಡಿಮೆ ಬಂದ ಗಾಡಿಗಳೆಲ್ಲ ಒಬ್ಬರೇ ಎಣಿಸಿದವು ಎಂಬುದಷ್ಟೇ ಇದರಿಂದ ಗೊತ್ತಾಗುತ್ತದೆ. ಅವರು ಕ್ರೇಟು ತೆಗೆದರು ಎಂದು ಇದು ಹೇಳುವುದಿಲ್ಲ. ಅವರ ಮಾತಿನಲ್ಲಿ ಯಾವುದೋ ಒಂದು ಪದವನ್ನು ಕೋಡ್ ಎಸೆಯುತ್ತಿರಲೂಬಹುದು. ಎಸೆದದ್ದು ಎಲ್ಲೂ ಉಳಿದಿಲ್ಲವಾದ್ದರಿಂದ ನಾನು ಇಲ್ಲಿಂದ ನೋಡಲಾರೆ. ಯಾರಾದರೂ ಅವರ ಪಕ್ಕದಲ್ಲಿ ನಿಂತು ಒಂದು ಗಾಡಿಯ ಎಣಿಕೆಯನ್ನು ಕೇಳಿಸಿಕೊಂಡು ಬರುವುದು ಒಳ್ಳೆಯದು.’

ಹೋಗಿ ನೋಡಿದ್ಯೇನಮ್ಮ ಎಂದು ಅದೂ ಕೇಳಿತ್ತು. ಅಳು ಬಂತು. ಆಫೀಸಿನಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅತ್ತೆ.

ಸರಿಮಾಡಿದ್ದು ಒಂದೇ ಸಾಲು. ಸಂಖ್ಯೆಗಳ ಪಟ್ಟಿಯಲ್ಲಿ ‘ಲಾಭ’ ಎಂಬ ಪದ ಬಂದರೆ ಅದು ಒಂದು ಎಂದು ಸೇರಿಸಿದೆ. ಗುರುತಾಗದ ಪದಗಳನ್ನು ಇನ್ನು ಮುಂದೆ ಎಸೆಯದೆ ಇಟ್ಟುಕೊಳ್ಳೋಣ, ಇಂಥವು ಇನ್ನೂ ಇರಬಹುದು ಎಂದು ಗುರು ಹೇಳಿತು. ಅದನ್ನೂ ಮಾಡಿದೆ. ನನ್ನ ಬಾಯಲ್ಲೇ ಹತ್ತು ಸಲ ಲಾಭ, ಲಾಭ ಎಂದು ಹೇಳಿ ಪರೀಕ್ಷಿಸಿದೆ. ಹತ್ತು ಸಲವೂ ಸರಿಯಾಗಿ ಒಂದು ಎಂದು ಬಂತು. ಪರೀಕ್ಷೆಯ ಲಾಗನ್ನೆಲ್ಲ ಅಳಿಸಿ ಶೆಡ್ಡಿಗೆ ಹಾಕಿದೆವು. ಮುನಿಶಾಮಪ್ಪನವರ ಗಾಡಿಗಳ ಲೆಕ್ಕ ಅಂದಿನಿಂದ ಒಂದೂ ತಪ್ಪಲಿಲ್ಲ.

ನಿವೃತ್ತಿಗೆ ಒಂದು ವಾರವಿರುವಾಗ ಸುಮ್ಮನೆ ಕುತೂಹಲಕ್ಕೆ ಗುರುವನ್ನು ಕೇಳಿದೆ, ಸರಿಮಾಡಿದ ಮೇಲಿನ ಈ ಆರು ತಿಂಗಳಲ್ಲಿ ಆ ಸಾಲು ಎಷ್ಟು ಸಲ ಓಡಿದೆ ಎಂದು. ಲಾಗೆಲ್ಲ ನೋಡಿ ಹೇಳಿತು, ಒಂದು ಸಲವೂ ಇಲ್ಲ. ಆ ಸಾಲು ಓಡದೆಯೇ ಲೆಕ್ಕ ಸರಿಬರುತ್ತಿರುವುದು ಹೇಗೆ ಎಂದು ತಿಳಿಯಲಿಲ್ಲ. ಈ ಸಲ ಕೋಷ್ಟಕ ಕೇಳಲಿಲ್ಲ. ಬಸ್ಸು ಹತ್ತಿದೆ.

ಮುನಿಶಾಮಪ್ಪನವರು ಬಾಗಿಲಲ್ಲಿ ನಿಂತಿದ್ದರು. ಬೀನ್ಸಿನ ಗಾಡಿಯೊಂದು ಇಳಿಯುತ್ತಿತ್ತು. ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಮೊದಲ ಕ್ರೇಟು ತಕ್ಕಡಿಯ ಮೇಲೆ ಕೂತಿತು. ಅವರು ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡು, ಶಾಲೆಯ ಮಗುವಿನ ಹಾಗೆ ಬಿಡಿಬಿಡಿಯಾಗಿ, ಗಟ್ಟಿಯಾಗಿ ಹೇಳಿದರು, “ಒಂದು.”

ಗಾಡಿ ಹೋದ ಮೇಲೆ ಹತ್ತಿರ ಹೋದೆ. “ಮುನಿಶಾಮಣ್ಣ, ಈಗ ಲಾಭ ಅಂದ್ರೂ ಬರ್ಕೊಳತ್ತೆ. ನಿಮಗೋಸ್ಕರಾನೇ ಮಾಡಿದ್ದೀನಿ.”

“ಗೊತ್ತು ತಾಯಿ, ಲೋಕೇಶಪ್ಪ ಹೇಳಿದ್ರು.” ಮೈಕಿನ ಪಟ್ಟಿ ಸರಿಮಾಡಿಕೊಂಡರು. “ಬಾಯಿಗ್ ಬರಾಕಿಲ್ಲ. ಲಾಭ ಅಂದಿದ್ದಕ್ಕೇ ಅಲ್ವಾ ಮೂರ್ ವಾರ ಕಳ್ಳ ಅನ್ನಿಸ್ಕೊಂಡಿದ್ದು? ಒಂದು ಅಂದ್ರೆ ಯಾರ್ಗೂ ತೊಂದ್ರೆ ಇಲ್ಲ. ಇರ್ಲಿ ಬಿಡಿ.” ಆಮೇಲೆ, ನಾನು ಬೇಜಾರು ಮಾಡಿಕೊಂಡೆ ಎಂದು ತಿಳಿದು, “ಕಾಫಿ ಕುಡ್ಕೊಂಡ್ ಹೋಗಿ,” ಎಂದರು.

ಕುಡಿದು ಬಂದೆ.

ಚೈತ್ರ, ನೀನು ಕೇಳಿದ ಸಾಲು ಇದೇ. ಗುರುವನ್ನು ಧಾರಾಳವಾಗಿ ಕೇಳು, ಅದು ನನಗಿಂತ ಚೆನ್ನಾಗಿ ಹುಡುಕುತ್ತದೆ. ಅದು ಬರೆದದ್ದನ್ನು ಕೊನೆಯವರೆಗೂ ಓದು. ಹೋಗಿ ನೋಡು ಎಂದರೆ ಹೋಗು, ಇನ್ನೂ ನಿನ್ನ ಮೊಣಕಾಲು ಗಟ್ಟಿಯಿದೆ. ಆದರೆ ಆ ಸಾಲನ್ನು ಮಾತ್ರ ತೆಗೆಯಬೇಡ. ಯಾವತ್ತೋ ಒಂದು ಬೆಳಗ್ಗೆ ಮುನಿಶಾಮಪ್ಪನವರು ಇದನ್ನೆಲ್ಲ ಮರೆತು, ಮೊದಲ ಕ್ರೇಟು ಕೂತಾಗ ಹಳೆಯ ಮಾತನ್ನೇ ಆಡಿಬಿಟ್ಟರೆ, ಅವತ್ತು ಅದನ್ನು ಬರೆದುಕೊಳ್ಳಲು ಅಲ್ಲಿ ಏನಾದರೂ ಇರಬೇಕು.